ಶ್ರುತಿಗೆ ಸೇರದ ಸದ್ದು

ಗಮಕಕ್ಕೆ ಮೈಕು ಬೇಕೇ ಎಂದು ಕೇಳುವವರು ಇನ್ನೂ ಇದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಮನೆಯ ಪಡಸಾಲೆಯಲ್ಲಿ, ದೇವಸ್ಥಾನದ ಜಗಲಿಯಲ್ಲಿ ಬೆಳೆದ ಕಲೆ ಅದು. ಒಬ್ಬರು ಕಾವ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ತಾಳದ ಹಂಗಿಲ್ಲ, ಪಕ್ಕವಾದ್ಯ ಬೇಕಿಲ್ಲ, ಶ್ರುತಿಯೊಂದಿದ್ದರೆ ಸಾಕು. ಆದರೆ ನಮ್ಮ ಕೂಟ ನಡೆಯುವುದು ಬೆಂಗಳೂರಿನ ಹಳೇ ಬಡಾವಣೆಯೊಂದರ ಮಹಡಿಯಲ್ಲಿ. ಕಿಟಕಿಯ ಕೆಳಗೇ ಬಸ್ಸು ಓಡಾಡುತ್ತದೆ. ಬರುವವರಲ್ಲಿ ಹೆಚ್ಚಿನವರು ಎಪ್ಪತ್ತು ದಾಟಿದವರು. ಹಿಂದಿನ ಸಾಲಿನವರಿಗೆ ಕಿವಿ ಸ್ವಲ್ಪ ಮಂದ. ಮೈಕಿಲ್ಲದಿದ್ದರೆ ಓದುವವರು ಕೂಗಬೇಕಾಗುತ್ತದೆ, ಕೂಗಿದರೆ ಗಮಕ ಉಳಿಯುವುದಿಲ್ಲ. ಮೆಲುದನಿಯನ್ನು ಮೆಲುದನಿಯಾಗಿಯೇ ಹಿಂದಿನ ಸಾಲಿಗೆ ಮುಟ್ಟಿಸಲು ಮೈಕು ಬೇಕು.

ಮೈಕು ಎರಡಾದರೆ, ಜೊತೆಗೆ ಎಲೆಕ್ಟ್ರಾನಿಕ್ ತಂಬೂರಿಯೂ ಸೇರಿದರೆ, ಮಿಕ್ಸರ್ ಬೇಕೇ ಬೇಕು. ಹೊಸದನ್ನು ಕೊಳ್ಳುವಷ್ಟು ದುಡ್ಡು ಕೂಟದ ಡಬ್ಬಿಯಲ್ಲಿ ಇರಲಿಲ್ಲ. ಎಸ್‌.ಪಿ. ರಸ್ತೆಯ ಒಂದು ಓಣಿಯಲ್ಲಿ, ಬಿಚ್ಚಿಟ್ಟ ಆಂಪ್ಲಿಫೈಯರುಗಳ ರಾಶಿಯ ನಡುವೆ, ಎಂಟು ಚಾನೆಲ್ಲಿನ ಹಳೇ ಮಿಕ್ಸರ್ ಒಂದು ಸಿಕ್ಕಿತು. ಯಾವುದೋ ಆರ್ಕೆಸ್ಟ್ರಾದಲ್ಲಿ ದುಡಿದು ಬಂದದ್ದು. ಫೇಡರುಗಳ ಕೆಳಗೆ ಅಂಟಿಸಿದ್ದ ಬಿಳಿ ಟೇಪಿನ ಮೇಲೆ ‘ಲೀಡ್’, ‘ಕೀಬೋರ್ಡ್’, ‘ಪ್ಯಾಡ್’ ಎಂದು ಬಾಲ್‌ಪೆನ್ನಿನಲ್ಲಿ ಬರೆದದ್ದು ಅಳಿಸಿರಲಿಲ್ಲ. ಎರಡು ತಿರುಗುಗುಂಡಿಗಳ ಟೋಪಿ ಇಲ್ಲ, ಅಡಾಪ್ಟರ್ ಅದರದ್ದಲ್ಲ. ಅಂಗಡಿಯವನು ಆನ್ ಮಾಡಿ ದೀಪ ತೋರಿಸಿದ. “ಎಲ್ಲಾ ಚಾನೆಲ್ ವರ್ಕಿಂಗ್ ಸಾರ್, ಹಾಡಿ ನೋಡಿ ಬೇಕಾದ್ರೆ” ಎಂದ. ಆ ಓಣಿಯಲ್ಲಿ ಹಾಡಿ ನೋಡಿದರೆ ಗೊತ್ತಾಗುವುದು ದನಿ ಬರುತ್ತದೆ ಎಂಬುದಷ್ಟೇ. ಹಿಂದೆ ಇನ್ನೇನು ಬರುತ್ತಿದೆ ಎಂಬುದನ್ನು ಕೇಳಲು ನಿಶ್ಶಬ್ದ ಬೇಕು, ಎಸ್‌.ಪಿ. ರಸ್ತೆಯಲ್ಲಿ ಅದೊಂದು ಸಿಗುವುದಿಲ್ಲ.

ಆರ್ಕೆಸ್ಟ್ರಾದಲ್ಲಿ ಸಾಗಿಬಿಡುವ ಸದ್ದು ಗಮಕದಲ್ಲಿ ಸಾಗುವುದಿಲ್ಲ. ಭಾಮಿನಿ ಷಟ್ಪದಿಯನ್ನೇ ನೋಡಿ. ಮೊದಲೆರಡು ಸಾಲು ಹದಿನಾಲ್ಕು ಹದಿನಾಲ್ಕು ಮಾತ್ರೆಯಲ್ಲಿ ಓಡಿ, ಮೂರನೆಯದು ಉದ್ದಕ್ಕೆ ಹರಿದು, ಕೊನೆಯ ಗುರುವಿನಲ್ಲಿ ನಿಲ್ಲುತ್ತದೆ. ಕುಮಾರವ್ಯಾಸನನ್ನು ಓದುವವರು ಅಲ್ಲಿ ಒಂದು ಉಸಿರಿನ ಬಿಡುವು ಕೊಡುತ್ತಾರೆ. ಕೇಳುವವರ ಮನಸ್ಸಿನಲ್ಲಿ ಪದ್ಯ ಮೂಡುವುದು ಆ ಬಿಡುವಿನಲ್ಲೇ. ಅಷ್ಟರಲ್ಲಿ ಸ್ಪೀಕರಿನಿಂದ ಗುಂಯ್ ಎಂಬ ಸದ್ದು ಹೊರಟರೆ ಬಿಡುವೇ ಕೆಟ್ಟುಹೋಗುತ್ತದೆ. ಫ್ಯಾನಿನ ಸದ್ದನ್ನು, ಬಸ್ಸಿನ ಹಾರನ್ನನ್ನು ಜನ ಸಹಿಸುತ್ತಾರೆ. ಅವು ಬೇರೆ ದಿಕ್ಕಿನಿಂದ ಬರುವ ಸದ್ದುಗಳು, ಕಿವಿ ಅವನ್ನು ಪಕ್ಕಕ್ಕೆ ಸರಿಸುತ್ತದೆ. ಸ್ಪೀಕರಿನ ಸದ್ದು ಓದುವವರ ದನಿ ಬರುವ ಬಾಯಿಂದಲೇ ಬರುತ್ತದೆ. ಅದನ್ನು ಬೇರ್ಪಡಿಸಿ ಸರಿಸಲು ಕಿವಿಗೆ ಆಗದು.

ಮೊದಲ ಸಂಜೆ ನಮ್ಮ ಪೆಟ್ಟಿಗೆಯಿಂದ ಬಂದದ್ದು ಒಂದೇ ಸದ್ದಲ್ಲ. ಕೆಳಗೆ ಗುಂಯ್ ಎಂಬ ಹಮ್ಮಿಂಗ್, ಅದರ ಮೇಲೊಂದು ಒರಟು ಝೇಂಕಾರ, ಮೇಲುಗಡೆ ಸುಸ್ ಎಂಬ ಗಾಳಿಸದ್ದು, ಗುಂಡಿ ಮುಟ್ಟಿದಾಗ ಕರಕರ, ಆಗೊಮ್ಮೆ ಈಗೊಮ್ಮೆ ಚಟ್. ಎಲ್ಲ ಬೆರೆತಾಗ ‘ಮಿಕ್ಸರ್ ಕೆಟ್ಟಿದೆ’ ಎನ್ನಿಸುವುದು ಸಹಜ. ನನ್ನ ಅನುಭವದಲ್ಲಿ ಆ ಮಾತಿನಿಂದ ಯಾವ ರಿಪೇರಿಯೂ ಶುರುವಾಗುವುದಿಲ್ಲ. ಸದ್ದುಗಳನ್ನು ಒಂದೊಂದಾಗಿ ಬಿಡಿಸಿ ಕೇಳಬೇಕು. ಪ್ರತಿಯೊಂದಕ್ಕೂ ಅದರದೇ ವಿಳಾಸವಿದೆ.

ಬಿಡಿಸುವ ದಾರಿ ಸುಲಭ. ಎಲ್ಲವನ್ನೂ ಕಿತ್ತಿಟ್ಟು, ಆಂಪ್ಲಿಫೈಯರ್ ಮತ್ತು ಸ್ಪೀಕರ್ ಎರಡನ್ನೇ ಆನ್ ಮಾಡಿ ಕೇಳಬೇಕು. ಸದ್ದು ಆಗಲೂ ಇದ್ದರೆ ಪಾಪ, ಮಿಕ್ಸರಿನ ತಪ್ಪೇನೂ ಇಲ್ಲ. ಆಮೇಲೆ ಮಿಕ್ಸರಿನ ಎಲ್ಲ ಫೇಡರನ್ನೂ ಕೆಳಗಿಳಿಸಿ ಒಂದೇ ಕೇಬಲ್ಲಿನಿಂದ ಜೋಡಿಸಬೇಕು. ಮೇನ್ ಫೇಡರ್ ಪೂರಾ ಕೆಳಗಿದ್ದಾಗಲೂ ಸದ್ದು ಬಂದರೆ ಅದು ಮೇನ್ ಫೇಡರಿನ ಆಚೆಯದು: ಹೊರಹೋಗುವ ಹಂತದ್ದು, ಕೇಬಲ್ಲಿನದು, ಇಲ್ಲವೇ ಪವರ್ ಸಪ್ಲೈಯದು. ಮೇನ್ ಏರಿಸಿದಂತೆ ಸದ್ದೂ ಏರಿದರೆ, ಚಾನೆಲ್ಲುಗಳೆಲ್ಲ ಕೂಡುವ ಜಾಗದ್ದು. ಆಮೇಲೆ ಒಂದೊಂದೇ ಚಾನೆಲ್. ಆಮೇಲೆ ಒಂದೊಂದೇ ಮೈಕು. ಯಾವುದನ್ನು ಸೇರಿಸಿದಾಗ ಸದ್ದು ಬಂತೋ ಅಲ್ಲಿ ನಿಲ್ಲಬೇಕು. ಎರಡು ಕೆಲಸವನ್ನು ಒಟ್ಟಿಗೆ ಮಾಡುವ ಆತುರ ಬಂದರೆ ಎದ್ದು ಕಾಫಿ ಕುಡಿದು ಬರುವುದು ಒಳ್ಳೆಯದು.

ಹಮ್ಮಿಂಗನ್ನು ಹಿಡಿದುಕೊಟ್ಟವರು ನಮ್ಮ ಗಮಕಿ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು, ಎಲ್ಲರಿಗೂ ಅಕ್ಕ. ಅವರ ಶ್ರುತಿ ಹಾರ್ಮೋನಿಯಮ್ಮಿನ ಬಿಳಿ ಐದು. ತಂಬೂರಿ ಹಾಕಿ, ಕಣ್ಣು ಮುಚ್ಚಿ, ಷಡ್ಜಕ್ಕೆ ದನಿ ಕೊಟ್ಟವರು ತಟ್ಟನೆ ನಿಲ್ಲಿಸಿದರು. “ಸ್ಪೀಕರ್ ಒಳಗೆ ಇನ್ನೊಂದು ತಂಬೂರಿ ಇಟ್ಟಿದೀಯೇನಪ್ಪಾ? ಅದು ನಂದಕ್ಕಿಂತ ಒಂದೆಳೆ ಮೇಲಿದೆ” ಎಂದರು. ಮನೆಗೆ ಹೋಗಿ ಲೆಕ್ಕ ಹಾಕಿದೆ. ಅಕ್ಕನ ಮಾತು ಅಕ್ಷರಶಃ ನಿಜ.

ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಹೊರಳುತ್ತದೆ. ಅದನ್ನು ಡಯೋಡುಗಳ ಮೂಲಕ ಹಾಯಿಸಿ ಒಂದೇ ದಿಕ್ಕಿಗೆ ತಿರುಗಿಸಿದಾಗ ಪ್ರತಿ ಹೊರಳಿಗೆ ಎರಡು ಉಬ್ಬು ಬಂದು 100 ಹರ್ಟ್ಸ್ ಆಗುತ್ತದೆ. ಆ ಉಬ್ಬು ಪೂರ್ತಿ ಸಮವಾಗದಿದ್ದರೆ ಸ್ಪೀಕರಿನಲ್ಲಿ 100 ಕೇಳುತ್ತದೆ, ಅದರ ಜೊತೆ 200, 300, 400 ಕೂಡ. ಬಿಳಿ ಐದಕ್ಕೆ ಹಾಡುವ ಹೆಂಗಸರ ಷಡ್ಜ 196 ಹರ್ಟ್ಸ್, ಪಂಚಮ 294, ತಾರಷಡ್ಜ 392. ಎರಡು ಸಾಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕರೆಂಟು ತಾನೇ ಷಡ್ಜ ಪಂಚಮ ಹಿಡಿದು ಕೂತಿದೆ, ಎಲ್ಲವೂ ನೂರಕ್ಕೆ ಎರಡು ಪಾಲು ಮೇಲೆ. ಅಂದರೆ ಅರ್ಧಸ್ವರದ ಮೂರನೇ ಒಂದು ಭಾಗದಷ್ಟು ಏರು. ಶ್ರುತಿಯಲ್ಲಿ ಇದು ಅಸಹನೀಯ ಅಂತರ. ದೂರದ ಸ್ವರವಾಗಿದ್ದರೆ ಕಿವಿ ಬೇರೆಯಾಗಿ ಎಣಿಸುತ್ತಿತ್ತು. ಇಷ್ಟು ಹತ್ತಿರವಾದಾಗ ಎರಡೂ ಉಜ್ಜಾಡಿ, ಷಡ್ಜದ ಬಳಿ ಸೆಕೆಂಡಿಗೆ ನಾಲ್ಕು ಸಲ ಅಲುಗುತ್ತದೆ. ಪಂಚಮದ ಬಳಿ ಆರು ಸಲ. ಕಪ್ಪು ಒಂದಕ್ಕೋ ಎರಡಕ್ಕೋ ಓದುವ ಗಂಡಸರಾಗಿದ್ದರೆ ಇಷ್ಟು ಬಾಧೆ ಇರುತ್ತಿರಲಿಲ್ಲ. ಹಮ್ಮಿಂಗ್ ಎಲ್ಲರಿಗೂ ಒಂದೇ, ಅದರ ಕಾಟ ಒಬ್ಬೊಬ್ಬರ ಶ್ರುತಿಗೆ ಒಂದೊಂದು ಬಗೆ ಎಂಬುದು ನನಗೆ ಹೊಳೆದದ್ದು ಅಕ್ಕನಿಂದ.

ನಮ್ಮ ಓದನ್ನು ರೆಕಾರ್ಡ್ ಮಾಡಿಯೂ ಇಡುತ್ತೇವೆ. “ರೆಕಾರ್ಡಿಂಗ್ ಮಾಡಿದ ಮೇಲೆ ಸಾಫ್ಟ್‌ವೇರಿನಲ್ಲಿ ತೆಗೆದುಬಿಡಿ” ಎಂದು ಸಲಹೆ ಕೊಡುವ ಗೆಳೆಯರಿದ್ದಾರೆ. ತೆಗೆಯಬಹುದು. ಆದರೆ 200 ಹರ್ಟ್ಸಿನ ಸುತ್ತ ಕತ್ತರಿ ಹಾಕಿದರೆ 196ರಲ್ಲಿರುವ ಷಡ್ಜಕ್ಕೂ ಏಟು ಬೀಳುತ್ತದೆ. ಅಕ್ಕನ ದನಿ ಬಂದು ನಿಲ್ಲುವ ಸ್ವರವನ್ನೇ ತೆಳ್ಳಗೆ ಮಾಡಿ ಮುಂದಿನವರಿಗೆ ಒಪ್ಪಿಸಿದಂತಾಗುತ್ತದೆ. ನಮ್ಮಲ್ಲಿ ಗಮಕಕ್ಕೆ ದೊಡ್ಡ ಸ್ಟುಡಿಯೋಗಳ ಬಾಗಿಲು ತೆರೆದದ್ದು ಕಡಿಮೆ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಗಮಕಿ ಎಚ್‌.ಆರ್‌. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ ಸಂತೋಷಪಟ್ಟೆವು. ಅಂಥವರ ದನಿಯನ್ನು ಹೇಗೋ ಜನ ಕಾಪಾಡಿಕೊಳ್ಳುತ್ತಾರೆ. ಊರೂರಿನ ಮಹಡಿಗಳಲ್ಲಿ ಓದುವ ನೂರಾರು ಅಕ್ಕಂದಿರ ದನಿ ಉಳಿಯುವುದು ಇಂಥ ಅಗ್ಗದ ಮಿಕ್ಸರುಗಳ ಮೂಲಕವೇ. ಆ ದನಿ ಶುದ್ಧವಾಗಿರಬೇಕೆಂಬುದು ನನ್ನ ಹಟ.

ಒರಟು ಝೇಂಕಾರ ಮೇನ್ ಫೇಡರ್ ಕೆಳಗಿದ್ದಾಗಲೂ ಬರುತ್ತಿತ್ತು. ಅಲ್ಲದೆ ಸಂಜೆ ಜಾಸ್ತಿ, ಬೆಳಿಗ್ಗೆ ಕಡಿಮೆ. ಇದೇ ದೊಡ್ಡ ಸುಳಿವಾಯಿತು. ಪೆಟ್ಟಿಗೆಯನ್ನು ಹೊತ್ತುಕೊಂಡು ಮತ್ತೆ ಎಸ್‌.ಪಿ. ರಸ್ತೆಗೆ ಹೋದೆ, ಈ ಸಲ ರಿಪೇರಿ ಮಾಡುವ ಒಬ್ಬ ಹಿರಿಯರ ಬಳಿಗೆ. ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ, ಮೇಜಿನ ಮೇಲೆ ಸುಟ್ಟ ಕಲೆಗಳು, ರೋಸಿನ್ನಿನ ವಾಸನೆ. ಅವರು ಮಿಕ್ಸರನ್ನು ಬಿಚ್ಚುವ ಮೊದಲು ಅಡಾಪ್ಟರನ್ನು ಕೈಯಲ್ಲಿ ತೂಗಿ ನೋಡಿದರು. “ದಮ್ಮಿಲ್ಲ ಸಾರ್ ಇದರಲ್ಲಿ” ಎಂದರು. ಇಂಥ ಸಣ್ಣ ಮಿಕ್ಸರುಗಳ ಅಡಾಪ್ಟರ್ ಕೊಡುವುದು ಏಸಿ ವೋಲ್ಟೇಜು, ಮೂರು ಪಿನ್ನಿನಲ್ಲಿ. ಅದನ್ನು ಡಿಸಿ ಮಾಡಿ ಪ್ಲಸ್ 15, ಮೈನಸ್ 15 ವೋಲ್ಟಿಗೆ ತರುವ ಕೆಲಸ ಮಿಕ್ಸರಿನೊಳಗೆ ನಡೆಯುತ್ತದೆ. ಅದಕ್ಕೆಂದು 7815, 7915 ಎಂಬ ರೆಗ್ಯುಲೇಟರುಗಳಿವೆ. 15 ವೋಲ್ಟನ್ನು ಅಲುಗದಂತೆ ಕೊಡಬೇಕಾದರೆ ಅವುಗಳ ಮುಂದೆ ಕನಿಷ್ಠ ಹದಿನೇಳೂವರೆ ವೋಲ್ಟಾದರೂ ಸದಾ ಇರಬೇಕು. ನಮ್ಮ ಅಡಾಪ್ಟರನ್ನು ಯಾರೋ ಕಡಿಮೆ ಸುತ್ತು ಸುತ್ತಿ ಮಾಡಿದ್ದರು. ಸಂಜೆ ಬೀದಿಯ ಕರೆಂಟು ಸ್ವಲ್ಪ ಇಳಿದ ಕೂಡಲೇ ಉಬ್ಬಿನ ತಗ್ಗುಗಳು ಆ ಮಟ್ಟಕ್ಕಿಂತ ಕೆಳಗಿಳಿದು ನೇರ ಸ್ಪೀಕರಿಗೆ ಹಾಯುತ್ತಿದ್ದವು.

ಅಡಾಪ್ಟರ್ ಅರ್ಧ ಕಾರಣ. ಮುಚ್ಚಳ ತೆಗೆದು ಅವರು ದೊಡ್ಡ ಕೆಪಾಸಿಟರ್ ಒಂದನ್ನು ಬೆರಳಿನಿಂದ ಮುಟ್ಟಿ ತೋರಿಸಿದರು, 2200 ಮೈಕ್ರೋಫ್ಯಾರಡ್, 35 ವೋಲ್ಟ್. ಚಪ್ಪಟೆಯಾಗಿರಬೇಕಾದ ತಲೆ ಉಬ್ಬಿತ್ತು. ಬುಡದಲ್ಲಿ ಕಂದು ಬಣ್ಣದ ಕಲೆ, ಪಕ್ಕದ ತಾಮ್ರದ ಗೆರೆಯ ಮೇಲೆ ಸಣ್ಣ ಹಸಿರು. ಬೀದಿಯ ನಲ್ಲಿಯಲ್ಲಿ ನೀರು ಬಿಟ್ಟು ಬಿಟ್ಟು ಬಂದರೂ ಮನೆಯ ನಲ್ಲಿಯಲ್ಲಿ ಸಮನಾಗಿ ಬರುವಂತೆ ಮಾಡುವುದು ತೊಟ್ಟಿ. ಪವರ್ ಸಪ್ಲೈಯಲ್ಲಿ ಆ ತೊಟ್ಟಿಯ ಕೆಲಸ ಈ ಕೆಪಾಸಿಟರಿನದು. ಒಳಗಿನ ದ್ರವ ವರ್ಷಗಳ ಬಿಸಿಗೆ ಒಣಗಿದರೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಹತ್ತು ಡಿಗ್ರಿ ಬಿಸಿ ಹೆಚ್ಚಿದರೆ ಆಯಸ್ಸು ಅರ್ಧವಾಗುತ್ತದೆ ಎಂಬುದು ಈ ಕಸುಬಿನವರ ಅಂದಾಜು. ಮದುವೆ ಮಂಟಪಗಳಲ್ಲಿ ಆಂಪ್ಲಿಫೈಯರಿನ ಬೆನ್ನ ಮೇಲೆ ಕೂತು ದುಡಿದ ಮಿಕ್ಸರಿಗೆ ಬಿಸಿ ಕಮ್ಮಿ ತಾಗಿರಲಾರದು. ಹಿರಿಯರು ಸಪ್ಲೈಯ ನಾಲ್ಕೂ ಕೆಪಾಸಿಟರನ್ನು ಬದಲಿಸಿದರು, ಸರಿಯಾದ ವೋಲ್ಟೇಜಿನ ಟ್ರಾನ್ಸ್‌ಫಾರ್ಮರ್ ಸುತ್ತಿಸಿಕೊಟ್ಟರು. ಮಲ್ಟಿಮೀಟರನ್ನು ಏಸಿಗೆ ಹಾಕಿ 15 ವೋಲ್ಟಿನ ಮೇಲೆ ಇಟ್ಟು, ಉಳಿದಿದ್ದ ಅಲುಗಾಟ ಮಿಲಿವೋಲ್ಟಿಗೆ ಇಳಿದದ್ದನ್ನು ನನಗೆ ತೋರಿಸಿದ ಮೇಲೇ ಮುಚ್ಚಳ ಹಾಕಿದ್ದು. ಇಂಥ ಕೈಗಳಿರುವ ತನಕ ಹಳೆಯದನ್ನು ಕೊಳ್ಳಲು ಹೆದರಬೇಕಾಗಿಲ್ಲ.

ಮನೆಯಲ್ಲೇ ಬಿಚ್ಚುವವರಿಗೆ ಒಂದು ಎಚ್ಚರಿಕೆ. ಅಡಾಪ್ಟರ್ ಹೊರಗಿರುವ ಮಿಕ್ಸರ್ ಅಷ್ಟು ಅಪಾಯದ್ದಲ್ಲ. ಗೋಡೆಯ ಕರೆಂಟು ನೇರವಾಗಿ ಒಳಹೋಗುವ ಮಾದರಿಗಳಲ್ಲಿ ಕೆಲವಕ್ಕೆ ಎಸ್‌ಎಂಪಿಎಸ್ ಸಪ್ಲೈ ಇರುತ್ತದೆ, ಅದರ ಕೆಪಾಸಿಟರಿನಲ್ಲಿ 325 ವೋಲ್ಟಿನ ಆಸುಪಾಸು ಡಿಸಿ ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಅದನ್ನು ಗೊತ್ತಿರುವವರೇ ಮುಟ್ಟಬೇಕು.

ಒರಟು ಸದ್ದು ಹೋಯಿತು, ಮೆತ್ತಗಿನ ಹಮ್ಮಿಂಗ್ ಉಳಿಯಿತು. ಇದು ಬರುತ್ತಿದ್ದದ್ದು ರೆಕಾರ್ಡಿಂಗಿಗೆಂದು ಲ್ಯಾಪ್‌ಟಾಪ್ ಜೋಡಿಸಿದಾಗ, ಅದೂ ಅದರ ಚಾರ್ಜರ್ ಗೋಡೆಗೆ ಹಾಕಿದ್ದಾಗ ಮಾತ್ರ. ಚಾರ್ಜರ್ ಕಿತ್ತರೆ ಮೌನ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಚಾರ್ಜರ್ ಕಿಟಕಿಯ ಬಳಿಯ ಸಾಕೆಟ್ಟಿನಲ್ಲಿತ್ತು, ಆಂಪ್ಲಿಫೈಯರ್ ಬಾಗಿಲ ಬಳಿಯದರಲ್ಲಿ. ಎರಡಕ್ಕೂ ಅರ್ತಿಂಗ್ ಇದೆ, ಆದರೆ ಎರಡು ಅರ್ತಿನ ನಡುವೆ ಮಿಲಿವೋಲ್ಟುಗಳ ಏರುಪೇರು ಇದ್ದೇ ಇರುತ್ತದೆ. ಆಡಿಯೋ ಕೇಬಲ್ಲಿನ ಜಾಲರಿ ಎರಡನ್ನೂ ಸೇರಿಸಿದ ಕೂಡಲೇ ಒಂದು ಸುತ್ತು ಪೂರ್ತಿಯಾಗಿ, 50 ಹರ್ಟ್ಸಿನ ಕರೆಂಟು ಆ ಜಾಲರಿಯಲ್ಲಿ ಹರಿಯತೊಡಗುತ್ತದೆ. ಗ್ರೌಂಡ್ ಲೂಪ್ ಎನ್ನುವುದು ಇದಕ್ಕೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತಂದದ್ದರಿಂದ ಮುಕ್ಕಾಲು ಪಾಲು ಹೋಯಿತು. ಉಳಿದದ್ದಕ್ಕೆ ಲ್ಯಾಪ್‌ಟಾಪಿನ ದಾರಿಯಲ್ಲಿ ಒಂದಕ್ಕೊಂದು ಸುತ್ತಿನ ಪುಟ್ಟ ಆಡಿಯೋ ಟ್ರಾನ್ಸ್‌ಫಾರ್ಮರ್ ಹಾಕಿದೆವು. ಅದರಲ್ಲಿ ದನಿ ದಾಟುತ್ತದೆ, ಅರ್ತ್ ದಾಟುವುದಿಲ್ಲ.

ಇದೇ ತೊಂದರೆಗೆ ನಮ್ಮಲ್ಲಿ ಇನ್ನೊಂದು ಮದ್ದು ಬಳಕೆಯಲ್ಲಿದೆ. ಪ್ಲಗ್ಗಿನ ಮೇಲಿನ ದಪ್ಪ ಪಿನ್ನನ್ನು ಕಿತ್ತುಹಾಕುವುದು, ಇಲ್ಲವೇ ಟೂ ಪಿನ್ ಸಾಕೆಟ್ಟಿಗೆ ಕಡ್ಡಿ ಸಿಕ್ಕಿಸಿ ತಳ್ಳುವುದು. ಹಮ್ಮಿಂಗ್ ನಿಲ್ಲುತ್ತದೆ, ನಿಜ. ಆ ಪಿನ್ನು ಅಲ್ಲಿರುವುದು ಆಂಪ್ಲಿಫೈಯರಿನೊಳಗೆ ತಂತಿಯೊಂದು ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗುಲಿದ ದಿನಕ್ಕಾಗಿ. ಆ ದಿನ ಪೆಟ್ಟಿಗೆಯಿಂದ ಮಿಕ್ಸರಿಗೆ, ಮಿಕ್ಸರಿನಿಂದ ಮೈಕಿನ ಲೋಹದ ಮೈಗೆ 230 ವೋಲ್ಟು ಬರುತ್ತದೆ. ಮೈಕು ತುಟಿಗೆ ತಾಗುವ ವಸ್ತು. ಗಣೇಶನ ಪೆಂಡಾಲುಗಳಲ್ಲಿ ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಮಕ್ಕಳು ಮೈಕು ಹಿಡಿದು ನಿಲ್ಲುವುದನ್ನು ನೋಡಿದಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಪ್ಲಗ್ಗಿನ ಕಡೆಗೆ. ಅರ್ತ್ ಪಿನ್ ಮುರಿದು ಹಮ್ಮಿಂಗ್ ನಿಲ್ಲಿಸುವವರನ್ನು ನಾನು ಸೌಂಡಿನವರೆಂದು ಒಪ್ಪುವುದಿಲ್ಲ.

ಅರ್ತಿನ ಬೆನ್ನು ಹತ್ತಿ ಕೂಟ ನಡೆಯುವ ಮನೆಯ ಹಿತ್ತಲಿಗೂ ಹೋದೆ. ಹಳೇ ಮನೆ, ಹಳೇ ಬಗೆಯ ಅರ್ತಿಂಗ್ ಗುಂಡಿ: ನಡುವೆ ಕಬ್ಬಿಣದ ಪೈಪು, ಸುತ್ತ ಇದ್ದಿಲು, ಉಪ್ಪು. ಮಣ್ಣಿನಲ್ಲಿ ತೇವ ಇದ್ದರಷ್ಟೇ ಅದು ಕೆಲಸ ಮಾಡುತ್ತದೆ. ಮನೆಯ ಯಜಮಾನರು, “ನಮ್ಮ ತಂದೆ ಇರೋವರ್ಗೂ ಬೇಸಿಗೇಲಿ ದಿನಾ ಒಂದು ಬಕೆಟ್ ನೀರು ಹಾಕ್ತಿದ್ರು, ಯಾಕೆ ಅಂತ ನಮಗೆ ಹೇಳಿರ್ಲಿಲ್ಲ” ಎಂದರು. ಪೈಪಿನ ಬಾಯಿಗೆ ಮಣ್ಣು ಮುಚ್ಚಿ ತುಳಸಿ ಕುಂಡ ಇಟ್ಟಿದ್ದರು. ಕುಂಡ ಸರಿಸಿ, ಬಾಯಿ ಬಿಡಿಸಿ, ಪೈಪಿಗೆ ಕಟ್ಟಿದ ತಂತಿಯ ತುಕ್ಕು ಕೆರೆದು, ಬೋಲ್ಟು ಬದಲಿಸಿ, ನೀರು ಹಾಕಿಸಿದೆವು.

ಕರಕರ ಸದ್ದು ಎಲ್ಲಕ್ಕಿಂತ ಸಲೀಸಾಗಿ ಹೋಗುವಂಥದ್ದು. ಫೇಡರಿನ ಒಳಗೆ ಕಾರ್ಬನ್ ಬಳಿದ ಪಟ್ಟಿಯ ಮೇಲೆ ಪುಟ್ಟ ಲೋಹದ ಬೆರಳೊಂದು ಜಾರುತ್ತದೆ. ಪಟ್ಟಿಯ ಮೇಲೆ ಧೂಳು ಕೂತರೆ ಬೆರಳು ಎಡವಿದಾಗೆಲ್ಲ ಕರ್ ಎನ್ನುತ್ತದೆ. ನಮ್ಮ ಮಿಕ್ಸರಿನ ಫೇಡರಿನ ಸೀಳಿನಲ್ಲಿ ಕಿವಿ ಒರೆಸುವ ಹತ್ತಿಕಡ್ಡಿ ಆಡಿಸಿದಾಗ ಅದು ಕಪ್ಪಾಗಿ, ಅಂಟಂಟಾಗಿ ಬಂತು. ಅರಿಶಿನದ ಬಣ್ಣದ ಪುಡಿ, ಒಂದು ಅಕ್ಷತೆಯ ಚೂರು. ಎಷ್ಟು ಮದುವೆ ಕಂಡಿತ್ತೋ. ಪವರ್ ತೆಗೆದು, ಕಾಂಟ್ಯಾಕ್ಟ್ ಕ್ಲೀನರನ್ನು ಒಂದೇ ಒಂದು ಚಿಮ್ಮು ಸಿಂಪಡಿಸಿ, ಫೇಡರನ್ನು ಮೇಲಕ್ಕೂ ಕೆಳಕ್ಕೂ ಚೆನ್ನಾಗಿ ಓಡಾಡಿಸಿ, ಒಣಗಲು ಬಿಟ್ಟರೆ ಆಯಿತು. ಹೊಲಿಗೆ ಯಂತ್ರದ ಎಣ್ಣೆ, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ ಹಾಕಬಾರದು. ಆ ದಿನಕ್ಕೆ ನಯವಾಗುತ್ತದೆ, ಆಮೇಲೆ ಊರಿನ ಧೂಳೆಲ್ಲ ಅಲ್ಲೇ ಅಂಟುತ್ತದೆ. ಶುಚಿ ಮಾಡಿದ ಮೇಲೂ ಒಂದೇ ಗುಂಡಿ ಕರಕರ ಎನ್ನುತ್ತಿದ್ದರೆ ಅದರ ಹಿಂದಿನ ಕೆಪಾಸಿಟರ್ ಸೋರಿ ಡಿಸಿ ನುಗ್ಗುತ್ತಿದೆಯೆಂದು ಅನುಮಾನಿಸಬೇಕು.

ಸುಸ್ ಎಂಬ ಗಾಳಿಸದ್ದಿಗೆ ಮಿಕ್ಸರಿನೊಳಗೆ ಏನನ್ನೂ ಬದಲಿಸಲಿಲ್ಲ. ಈ ಸದ್ದು ಪೂರ್ತಿ ಹೋಗುವಂಥದ್ದೂ ಅಲ್ಲ. ಯಾವ ವಾಹಕದಲ್ಲೇ ಆಗಲಿ, ಬಿಸಿಯಿಂದಾಗಿ ಎಲೆಕ್ಟ್ರಾನುಗಳು ಸುಮ್ಮನಿರದೆ ಅಲುಗುತ್ತಿರುತ್ತವೆ. ಬೆಲ್ ಲ್ಯಾಬ್ಸಿನ ಜಾನ್ಸನ್ ಇದನ್ನು ಅಳೆದರು, ನೈಕ್ವಿಸ್ಟ್ ಲೆಕ್ಕ ಕೊಟ್ಟರು, ಇಬ್ಬರ ಬರಹವೂ ಅಚ್ಚಾದದ್ದು 1928ರಲ್ಲಿ. 150 ಓಮಿನ ಮೈಕೊಂದರಲ್ಲಿ, ನಾವು ಕೇಳಬಲ್ಲ ಸ್ವರಗಳ ಹರವಿನಲ್ಲಿ, ಆ ಅಲುಗಾಟ ಸುಮಾರು 0.22 ಮೈಕ್ರೋವೋಲ್ಟ್. ಲಕ್ಷ ಕೊಟ್ಟರೂ ಅದಕ್ಕಿಂತ ಮೌನವಾದ ಮಿಕ್ಸರ್ ಬರುವುದಿಲ್ಲ. ಅಗ್ಗದ ಮಿಕ್ಸರ್ ಅದರ ಮೇಲೆ ತನ್ನದನ್ನು ಸ್ವಲ್ಪ ಸೇರಿಸುತ್ತದೆ, ಅಷ್ಟೇ.

ನಮ್ಮ ಕೈಯಲ್ಲಿರುವುದು ದನಿಯನ್ನು ಆ ಸದ್ದಿಗಿಂತ ಎತ್ತರದಲ್ಲಿ ಇಡುವುದು. ಬಹಳ ಕಡೆ ಚಾನೆಲ್ಲಿನ ಗೇನ್ ಕಡಿಮೆ ಇಟ್ಟು, ದನಿ ಸಾಲದೆಂದು ಫೇಡರ್, ಮೇನ್, ಆಂಪ್ಲಿಫೈಯರ್ ಮೂರನ್ನೂ ಏರಿಸುತ್ತಾರೆ. ಹೀಗಾದರೆ ದಾರಿಯುದ್ದಕ್ಕೂ ಸೇರಿದ ಸದ್ದೆಲ್ಲ ದೊಡ್ಡದಾಗುತ್ತದೆ. ಮೊದಲ ಮೆಟ್ಟಿಲಲ್ಲೇ, ಅಂದರೆ ಗೇನಿನಲ್ಲೇ, ಕೆಂಪು ದೀಪ ಹತ್ತದಷ್ಟು ಏರಿಸಿ, ಫೇಡರುಗಳನ್ನು ಸೊನ್ನೆಯ ಗುರುತಿಗೆ ಇಟ್ಟು, ಆಂಪ್ಲಿಫೈಯರನ್ನು ಇಳಿಸಿದರೆ ಅರ್ಧ ಸುಸ್ ಅಲ್ಲೇ ಸಾಯುತ್ತದೆ. ಅದಕ್ಕೂ ಮೊದಲ ಮೆಟ್ಟಿಲು ಮೈಕಿನ ದೂರ. ದೂರ ಅರ್ಧವಾದರೆ ದನಿ 6 ಡೆಸಿಬೆಲ್ ಏರುತ್ತದೆ. ಮೈಕಿಗೆ ಹೆದರಿ ಹಿಂದೆ ಸರಿದು ಕೂರುವ ಅಕ್ಕನ ಮುಂದೆ ಸ್ಟ್ಯಾಂಡನ್ನೇ ಹತ್ತಿರಕ್ಕೆ ತಂದೆ. “ಇದೇನು ಬಾಯೊಳಗೇ ಇಡ್ತೀಯಾ” ಎಂದರು, ಆಮೇಲೆ ಒಪ್ಪಿದರು. ಉಪಯೋಗಿಸದ ಚಾನೆಲ್ ಮುಚ್ಚಿದೆವು. ಮಿಕ್ಸರಿನೊಳಗಿನ ಎಕೋ ಪೂರಾ ಕೆಳಗಿಳಿಸಿದೆವು. ಅಗ್ಗದ ಎಕೋ ಯಾರೂ ಹಾಡದಿದ್ದಾಗಲೂ ಸುಸ್ ಎನ್ನುತ್ತಲೇ ಇರುತ್ತದೆ. ಗಮಕಕ್ಕೆ ಎಕೋ ಯಾಕೆ ಬೇಕೋ ನನಗೆ ಇಂದಿಗೂ ಅರ್ಥವಾಗಿಲ್ಲ. ಅದು ಪ್ರಾಸವನ್ನು ಮಸುಕು ಮಾಡುತ್ತದೆ.

ಇನ್ನುಳಿದವು ಗಾಳಿಯಿಂದಲೂ ಗೋಡೆಯಿಂದಲೂ ಬರುವವು. ವ್ಯಾಖ್ಯಾನದ ಮೇಷ್ಟ್ರ ಜೇಬಿನಲ್ಲಿ ಹಳೇ ಬಟನ್ ಫೋನು. ಕರೆ ಬರುವ ಮೊದಲೇ ಸ್ಪೀಕರಿನಲ್ಲಿ ಟಟಟ್ ಟಟಟ್ ಎನ್ನುತ್ತದೆ. 2ಜಿ ಫೋನು ಸೆಕೆಂಡಿಗೆ 217 ಸಲ ಬಿಟ್ಟು ಬಿಟ್ಟು ಪ್ರಸಾರ ಮಾಡುವುದೇ ಇದಕ್ಕೆ ಕಾರಣ. ಫೋನನ್ನು ಮೆಟ್ಟಿಲ ಬಳಿ ಇಡುವುದೇ ಪರಿಹಾರ. ಕೆಳಗಿನ ಮನೆಯಲ್ಲಿ ಚಟ್ನಿಗೆ ಮಿಕ್ಸಿ ಹಾಕಿದರೆ ನಮ್ಮಲ್ಲಿ ಚರ್ ಎನ್ನುತ್ತದೆ, ಅದರ ಮೋಟಾರಿನ ಬ್ರಶ್ಶಿನ ಕಿಡಿಗಳಿಂದ. ಫ್ಯಾನು ಪೂರ್ತಿ ವೇಗದಲ್ಲಿದ್ದಾಗ ಇಲ್ಲದ ಗುರ್ ಸದ್ದು ನಡುವೇಗಕ್ಕೆ ಇಳಿಸಿದಾಗ ಬರುತ್ತಿತ್ತು. ನುಣ್ಣಗೆ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ, ಆ ಕತ್ತರಿಸಿದ ಅಂಚು ಕೇಬಲ್ಲಿಗೆ ಹಾರುತ್ತದೆ. ಕಟಕಟ ಎಂದು ಹಂತಹಂತವಾಗಿ ನಿಲ್ಲುವ ಕೆಪಾಸಿಟರ್ ಬಗೆಯದನ್ನು ಹಾಕಿಸಿದ ಮೇಲೆ ಹೋಯಿತು.

ಇವೆಲ್ಲ ಒಳಬರುವ ದಾರಿ ನಮ್ಮ ಮೈಕಿನ ಕೇಬಲ್ಲು. ಅಂಗಡಿಯವರು ಪಿ-38 ಎನ್ನುವ ದಪ್ಪ ಜ್ಯಾಕಿನ ಕೇಬಲ್ಲುಗಳವು, ಒಳಗೆ ಒಂದೇ ತಂತಿ, ಸುತ್ತ ತೆಳು ಜಾಲರಿ. ಎಕ್ಸ್‌ಎಲ್‌ಆರ್ ಪಿನ್ನಿನ ಬ್ಯಾಲೆನ್ಸ್ಡ್ ಕೇಬಲ್ಲಿನಲ್ಲಿ ಎರಡು ತಂತಿಗಳಲ್ಲಿ ದನಿ ಪರಸ್ಪರ ವಿರುದ್ಧವಾಗಿ ಹೋಗುತ್ತದೆ, ಹೊರಗಿನ ಸದ್ದು ಮಾತ್ರ ಎರಡಕ್ಕೂ ಒಂದೇ ಸಮ ತಗಲುತ್ತದೆ. ಮಿಕ್ಸರ್ ಒಂದರಿಂದ ಇನ್ನೊಂದನ್ನು ಕಳೆದಾಗ ದನಿ ಇಮ್ಮಡಿಯಾಗಿ, ಸದ್ದು ತಾನೇ ವಜಾ ಆಗುತ್ತದೆ. ನಮ್ಮ ಮಿಕ್ಸರಿನ ಮೈಕ್ ಬಾಯಿಗಳು ಮೊದಲಿನಿಂದಲೂ ಆ ಬಗೆಯವೇ. ಅವಕ್ಕೆ ತಕ್ಕ ಕೇಬಲ್ಲು ಕೊಟ್ಟಿರಲಿಲ್ಲ, ಅಷ್ಟೆ. ಎರಡು ಒಳ್ಳೆಯ ಕೇಬಲ್ಲು ತಂದ ದಿನ ಮಿಕ್ಸಿಯ ಚರ್ ಸದ್ದು ಕಿವಿಗೊಟ್ಟು ಹುಡುಕಬೇಕಾದಷ್ಟು ಇಳಿಯಿತು.

“ಹೊಸದೇ ತಗೊಂಡಿದ್ರೆ ಈ ಪಾಡು ಇರ್ತಿರ್ಲಿಲ್ಲ ಅಲ್ವೇ?” ಎಂದು ಮೇಷ್ಟ್ರು ಕೇಳಿದರು. ಅಡಾಪ್ಟರಿನ ಪಾಡು ಇರುತ್ತಿರಲಿಲ್ಲ ಮೇಷ್ಟ್ರೇ, ಧೂಳೂ ಇರುತ್ತಿರಲಿಲ್ಲ ಎಂದೆ. ಫ್ಯಾನು, ಚಾರ್ಜರು, ಫೋನು, ಕೇಬಲ್ಲು, ಅರ್ತಿಂಗ್ ಗುಂಡಿ, ಹೊಸ ಮಿಕ್ಸರಿಗೂ ಇವೇ ಸಿಗುತ್ತಿದ್ದವು. ಹಳೆಯದನ್ನು ಕೊಂಡ ಮೇಲೆ ಡಬ್ಬಿಯಲ್ಲಿ ಉಳಿದದ್ದು ಕೇಬಲ್ಲಿಗೂ ಟ್ರಾನ್ಸ್‌ಫಾರ್ಮರಿಗೂ ಸಾಕಾಯಿತು.

ಆರನೆಯ ಚಾನೆಲ್ ಮಾತ್ರ ಇನ್ನೂ ಚಟ್ ಎನ್ನುತ್ತದೆ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿದರೆ ನಿಲ್ಲುತ್ತದೆ, ಮತ್ತೆ ಬರುತ್ತದೆ. ಎಲ್ಲೋ ಕೂದಲೆಳೆಯಷ್ಟು ಬಿರಿದ ಬೆಸುಗೆ ಇರಬೇಕು. ನಮಗೆ ಬೇಕಾದದ್ದು ಮೂರೇ ಚಾನೆಲ್, ಹಾಗಾಗಿ ಅದರ ಮೇಲೆ ಟೇಪು ಅಂಟಿಸಿ ‘ಬೇಡ’ ಎಂದು ಬರೆದಿದ್ದೇವೆ. ಆಗಬೇಕಾದ ದೊಡ್ಡ ಕೆಲಸ ಅರ್ತಿನ ಅಳತೆ. ಮಳೆಗಾಲದಲ್ಲಿ ಅಳೆದರೆ ಯಾವ ಗುಂಡಿಯೂ ಚೆನ್ನಾಗಿಯೇ ಇರುವಂತೆ ಕಾಣುತ್ತದೆ. ನೆಲ ಒಣಗಿ ಬಿರಿಯುವ ಹೊತ್ತಿಗೆ ಅಳೆಯಬೇಕು. ಶಿವರಾತ್ರಿ ಕಳೆದ ಮೇಲೆ ಮೀಟರ್ ತಗೊಂಡು ಬನ್ನಿ ಎಂದು ಎಲೆಕ್ಟ್ರಿಷಿಯನ್‌ಗೆ ಹೇಳಿಟ್ಟಿದ್ದೇನೆ.